ಗೆಳತಿಯ ಆರತಕ್ಷತೆಯಲ್ಲಿ ಮಾತನಾಡಬೇಕಿದೆ: ಮೊದಲ ವಾಕ್ಯ ಯಾವುದಿರಲಿ?

ಸಪ್ತಾಪುರದ ಗೆಳತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಧಾರವಾಡದ ಚರ್ಚಿನಲ್ಲಿ ನನ್ನ ಆಪ್ತ ಗೆಳತಿಯ ಮದುವೆ ಇದೆ. ಅವರದು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆ) ಕಾಲದಿಂದ ಇಲ್ಲಿಯೇ ನೆಲೆಸಿದ ಮನೆತನ, ವರನ ಕಡೆಯವರು ಹಾವೇರಿಯವರು. ನಾನು ಮೇಡ್ ಆಫ್ ಆನರ್, ಅಂದರೆ ವಧುವಿನ ಮುಖ್ಯ ಸಂಗಾತಿ, ಆಗಿ ಅವಳ ಪಕ್ಕದಲ್ಲಿ ನಿಲ್ಲಬೇಕು, ಸಂಜೆಯ ಆರತಕ್ಷತೆಯಲ್ಲಿ ನಾಲ್ಕು ಮಾತೂ ಆಡಬೇಕು ಎಂಬುದು ಅವಳ ಆಸೆ. ನಮ್ಮ ಮನೆಯ ಮದುವೆಗಳಲ್ಲಿ ಸುರಗಿ ಸುತ್ತುತ್ತಾರೆ, ಅಕ್ಕಿಕಾಳು ಹಾಕುತ್ತಾರೆ, ಬೀಗರ ಹಾಡು ಹಾಡುತ್ತಾರೆ. ಆದರೆ ಗೆಳತಿಯೊಬ್ಬಳು ಮೈಕ್ ಹಿಡಿದು ಮಾತನಾಡುವ ರೂಢಿ ಇಲ್ಲದ್ದರಿಂದ ಅದನ್ನು ಹೇಗೆ ಆರಂಭಿಸುತ್ತಾರೆ ಎಂಬುದನ್ನು ನಾನು ಕಂಡಿಲ್ಲ.

ಮಧ್ಯದ ಮಾತುಗಳು ಸಿದ್ಧವಾಗಿವೆ. ನನ್ನ ತಂದೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಅವಳು ರಾತ್ರಿಯೆಲ್ಲ ನನ್ನ ಜೊತೆ ಕುಳಿತು, ಔಷಧ ಕೊಟ್ಟ ಹೊತ್ತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಕೊಟ್ಟಾದ ಔಷಧ ನೀಲಿ ಶಾಯಿಯಲ್ಲಿ, ಕೊಡಬೇಕಾದದ್ದು ಕೆಂಪು ಶಾಯಿಯಲ್ಲಿ. ಆ ಪುಸ್ತಕ ಇಂದಿಗೂ ನನ್ನ ಬಳಿ ಇದೆ, ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ. ಆದರೆ ಆರಂಭಕ್ಕೆ ಬಂದಾಗ "ಮದುವೆ ಎಂಬುದು ಎರಡು ಹೃದಯಗಳ ಬೆಸುಗೆ" ಎಂಬ ಸಾಲಿಗಿಂತ ಮುಂದೆ ಪೆನ್ನು ಹೋಗುತ್ತಿಲ್ಲ. ಕನ್ನಡದಲ್ಲಿಯೇ ಮಾತನಾಡಲೋ, ಇಂಗ್ಲಿಷಿನಲ್ಲಿ ಮಾತನಾಡಲೋ ಎಂಬುದನ್ನೂ ತಿಳಿದವರು ಹೇಳಬೇಕು.

ಕೇಶ್ವಾಪುರದ ನಿರೂಪಕಿ

ಹುಬ್ಬಳ್ಳಿಯಲ್ಲಿ ಇಂತಹ ಆರತಕ್ಷತೆಗಳ ನಿರೂಪಣೆಯನ್ನು ನಾನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ಭಾಷೆಯ ವಿಷಯದಲ್ಲಿ ಸಂಕೋಚವೇ ಬೇಡ. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಆ ಪರಂಪರೆಯ ಮನೆತನಗಳ ಹಿರಿಯರು ಪ್ರಾರ್ಥನೆಯನ್ನೂ ಸಂಗೀತವನ್ನೂ ಕನ್ನಡದಲ್ಲಿಯೇ ಕೇಳಿ ಬೆಳೆದವರು. ಇಂಗ್ಲಿಷ್ ಭಾಷಣಕ್ಕೆ ಅವರು ಚಪ್ಪಾಳೆ ತಟ್ಟುತ್ತಾರೆ, ಕನ್ನಡದ ಮಾತಿಗೆ ಕಣ್ಣೊರೆಸಿಕೊಳ್ಳುತ್ತಾರೆ.

ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಮಾತನಾಡುವವರು ಮೂವರೇ: ವಧುವಿನ ತಂದೆ, ವರ, ಆಮೇಲೆ ಬೆಸ್ಟ್ ಮ್ಯಾನ್, ಅಂದರೆ ವರನ ಪಕ್ಕದಲ್ಲಿ ನಿಲ್ಲುವ ಆಪ್ತ ಗೆಳೆಯ. ವಧುವಿನ ಗೆಳತಿಯ ಭಾಷಣ ಈ ಸಾಲಿಗೆ ಆಮೇಲೆ ಸೇರಿದ್ದು, ಆದ್ದರಿಂದ ಅದಕ್ಕೆ ಕಟ್ಟುನಿಟ್ಟಾದ ಸ್ಥಾನವಾಗಲಿ ನಿಗದಿತ ಪೀಠಿಕೆಯಾಗಲಿ ಇಲ್ಲ. ಊಟ ಬಡಿಸುವ ಮೊದಲೇ ನಿಮಗೆ ಮೈಕ್ ಕೊಡಬೇಕೆಂದು ನಿರೂಪಕರಿಗೆ ಮುಂಚಿತವಾಗಿ ತಿಳಿಸಿಬಿಡಿ, ಏಕೆಂದರೆ ಎಲೆ ಹಾಕಿದ ಮೇಲೆ ಎಷ್ಟು ಒಳ್ಳೆಯ ಆರಂಭವಾದರೂ ಯಾರ ಕಿವಿಗೂ ಬೀಳುವುದಿಲ್ಲ.

ಇನ್ನು ಮೊದಲ ವಾಕ್ಯ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ವಿವಾಹಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು, ಮತ್ತು ಅವರಲ್ಲಿ ಒಬ್ಬಳಾಗಿ ರಿಜಿಸ್ಟರಿನಲ್ಲಿ ಸಹಿ ಮಾಡುವವಳು ಅನೇಕ ಸಲ ಮೇಡ್ ಆಫ್ ಆನರ್ ಆಗಿರುತ್ತಾಳೆ. ನಿಮಗೂ ಆ ಭಾಗ್ಯವಿದ್ದರೆ ಹೀಗೆ ಆರಂಭಿಸಿ ನೋಡಿ: "ಈ ದಿನ ಬೆಳಿಗ್ಗೆ ನಾನು ಈ ಮದುವೆಗೆ ಸಾಕ್ಷಿಯಾಗಿ ಸಹಿ ಮಾಡಿದೆ. ನನ್ನ ಗೆಳತಿ ಎಂತಹವಳು ಎಂಬುದಕ್ಕೂ ಸಾಕ್ಷಿ ಹೇಳಬೇಕೆಂದು ಈಗ ನಿಮ್ಮ ಮುಂದೆ ನಿಂತಿದ್ದೇನೆ." ನೀವು ಯಾರು, ಅಲ್ಲಿ ಏಕೆ ನಿಂತಿದ್ದೀರಿ ಎಂಬುದು ಇದರಲ್ಲಿಯೇ ತಿಳಿಯುತ್ತದೆ. ಹೆಸರು, ಓದು, ಉದ್ಯೋಗ ಹೇಳಿಕೊಳ್ಳುವ ಪರಿಚಯ ಬೇರೆ ಬೇಕಾಗುವುದಿಲ್ಲ.

ಗದಗಿನ ಮಾಸ್ತರ

ಮೇಲಿನ ಸಲಹೆ ಸೊಗಸಾಗಿದೆ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಸಭೆಗಳಲ್ಲಿ "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಶುರುವಾದ ಸಂಬೋಧನೆ ಒಬ್ಬೊಬ್ಬರ ಹೆಸರನ್ನೂ ಹಿಡಿದು ಸಾಗುವಷ್ಟರಲ್ಲಿ ಕೇಳುಗರ ಗಮನ ಚದುರಿಹೋಗಿರುತ್ತದೆ; ಹೆಸರು ಬಿಟ್ಟುಹೋದವರ ಮುನಿಸು ಬೇರೆ. "ಎರಡೂ ಮನೆಯ ಹಿರಿಯರಿಗೆ ನನ್ನ ನಮಸ್ಕಾರಗಳು" ಎಂದರೆ ಗೌರವಕ್ಕೆ ಕೊರತೆಯಾಗುವುದಿಲ್ಲ.

ನಿಮ್ಮ ನೋಟ್‌ಬುಕ್ಕಿನ ಪ್ರಸಂಗ ನನ್ನ ಮನಸ್ಸಿಗೆ ಬಹಳ ನಾಟಿತು. ಅದನ್ನು ಮಧ್ಯದಲ್ಲಿ ಅಡಗಿಸದೆ ಸಾಕ್ಷಿಯ ಮಾತಿನ ಬೆನ್ನಿಗೇ ತನ್ನಿ. ಆದರೆ ಆಸ್ಪತ್ರೆಯಿಂದ ಆರಂಭಿಸಬೇಡಿ, ಏಕೆಂದರೆ ಮದುವೆಯ ಮನೆಯಲ್ಲಿ ಆ ಮಾತು ಮೊದಲೇ ಕಿವಿಗೆ ಬಿದ್ದರೆ ಹಿರಿಯರ ಮನಸ್ಸು ಮುದುಡುತ್ತದೆ, ಮುಂದೆ ಏನು ಅನಾಹುತ ಕೇಳಬೇಕೋ ಎಂದು ಅಂಜುತ್ತಾರೆ. ಮೊದಲು ಪುಸ್ತಕ ಕಾಣಲಿ, ನೀಲಿ ಮತ್ತು ಕೆಂಪು ಶಾಯಿ ಕಾಣಲಿ, ಅದು ಏನಿರಬಹುದೆಂದು ಸಭೆ ಒಂದು ಕ್ಷಣ ಯೋಚಿಸಲಿ. ಆಮೇಲೆ ತಂದೆಯವರ ವಿಷಯ ಹೇಳಿ, ಅವರು ಗುಣವಾಗಿ ಇದೇ ಸಭೆಯಲ್ಲಿ ಕುಳಿತಿದ್ದರೆ ಅದನ್ನು ತಪ್ಪದೆ ಅದೇ ಉಸಿರಿನಲ್ಲಿ ಹೇಳಿ. ಹಾವೇರಿಯಿಂದ ಬಂದ ಬೀಗರಿಗೆ ತಮ್ಮ ಮನೆಗೆ ಬರುವ ಹುಡುಗಿಯ ಗುಣ ಅಷ್ಟರಲ್ಲಿಯೇ ತಿಳಿಯುತ್ತದೆ. "ಅವಳು ಬಹಳ ಒಳ್ಳೆಯವಳು, ಎಲ್ಲರನ್ನೂ ಪ್ರೀತಿಸುತ್ತಾಳೆ" ಎಂಬ ಮಾತನ್ನು ಯಾವ ವಧುವಿನ ಬಗ್ಗೆ ಬೇಕಾದರೂ ಹೇಳಬಹುದು, ಎರಡು ಬಣ್ಣದ ಶಾಯಿಯ ಮಾತು ಅವಳೊಬ್ಬಳಿಗೇ ಸಲ್ಲುತ್ತದೆ.

ಹಾವೇರಿಯ ಸೊಸೆ

ನಮ್ಮ ಭಾಗದಲ್ಲಿ ಹೆಸರು ಹೇಳಲು ಒಡಪು, ಅಂದರೆ ಪ್ರಾಸ ಕಟ್ಟಿದ ಸಾಲು, ಇರುವಾಗ ಅದನ್ನೇಕೆ ಬಿಡಬೇಕು? ನಾನು ಕಟ್ಟಿದ್ದು ಇದು:

"ಹಾವೇರಿಯವರು ತಂದಾರ ಏಲಕ್ಕಿ ಮಾಲಿ, ಧಾರವಾಡದವರು ಹಂಚ್ಯಾರ ಪೇಢೆ;
ಇಬ್ಬರ ಹೆಸರು ಒಂದ ಉಸುರಿನಾಗ ಹೇಳಾಕ ಇನ್ನ ನನಗೇನು ತಡೆ!"

ಇದನ್ನು ಹೇಳಿ ಇಬ್ಬರ ಹೆಸರನ್ನೂ ಕೂಗಿದರೆ ಸಭೆಯೇ ನಿಮ್ಮ ಕಡೆ ತಿರುಗುತ್ತದೆ.

ಕೇಶ್ವಾಪುರದ ನಿರೂಪಕಿ

ಒಡಪು ಚೆಂದವಿದೆ, ಆದರೆ ಅದನ್ನು ಆರಂಭಕ್ಕೆ ಇಡುವುದನ್ನು ನಾನು ಒಪ್ಪಲಾರೆ. ಅದಕ್ಕೆ ಬೀಳುವ ಕೇಕೆ, ಚಪ್ಪಾಳೆ ಅಡಗಿದ ಮೇಲೆ ನೋಟ್‌ಬುಕ್ಕಿನಂತಹ ಮೆಲುದನಿಯ ಮಾತನ್ನು ಎತ್ತುವುದು ಕಷ್ಟ. ಎಲ್ಲ ಹೇಳಿ ಮುಗಿಸಿ, ಟೋಸ್ಟ್‌ಗಾಗಿ, ಅಂದರೆ ವಧೂವರರಿಗೆ ಶುಭ ಕೋರಲು, ಗ್ಲಾಸ್ ಎತ್ತುವಾಗ ಒಡಪು ಹೇಳಲಿ. ಇಬ್ಬರ ಹೆಸರನ್ನು ಕೂಗುವುದಕ್ಕೆ ಸರಿಯಾದ ಜಾಗ ಅದು.

ಸಪ್ತಾಪುರದ ಗೆಳತಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಹಿ ಮಾಡುವವಳು ನಾನೇ ಎಂದು ಗೆಳತಿ ತಿಳಿಸಿದಳು, ತಂದೆಯವರೂ ಮದುವೆಗೆ ಬರುತ್ತಾರೆ. ಹೀಗೆ ಬರೆದಿದ್ದೇನೆ, ದಯವಿಟ್ಟು ನೋಡಿ:

"ಎರಡೂ ಮನೆಯ ಹಿರಿಯರಿಗೆ ನನ್ನ ನಮಸ್ಕಾರಗಳು. ಈ ದಿನ ಬೆಳಿಗ್ಗೆ ನಾನು ಈ ಮದುವೆಗೆ ಸಾಕ್ಷಿಯಾಗಿ ಸಹಿ ಮಾಡಿದೆ. ಈಗ ನನ್ನ ಗೆಳತಿಯ ಬಗ್ಗೆ ಸಾಕ್ಷಿ ಹೇಳಲು ಬಂದಿದ್ದೇನೆ, ಅದಕ್ಕೆ ಆಧಾರವಾಗಿ ಅವಳು ಎರಡು ಬಣ್ಣದ ಶಾಯಿಯಲ್ಲಿ ಬರೆದ, ನಾನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುವ ಈ ಪುಸ್ತಕವನ್ನು ತಂದಿದ್ದೇನೆ."

ಗದಗಿನ ಮಾಸ್ತರ

ಬಹಳ ಚೆನ್ನಾಗಿದೆ. ಕೊನೆಯ ವಾಕ್ಯವನ್ನು ಮಾತ್ರ ಒಡೆಯಿರಿ, ಓದಲು ಸರಿಯಾಗಿದ್ದರೂ ಮೈಕಿನ ಮುಂದೆ ಉಸಿರು ಸಾಲುವುದಿಲ್ಲ. "ಸಾಕ್ಷಿ ಹೇಳಲು ಬಂದಿದ್ದೇನೆ" ಎಂದು ನಿಲ್ಲಿಸಿ, ಪುಸ್ತಕವನ್ನು ಎತ್ತಿ ತೋರಿಸಿ, ಆಮೇಲೆ "ಇದು ಅವಳ ಕೈಬರಹ" ಎನ್ನಿ. ಇಷ್ಟನ್ನು ಬಾಯಿಪಾಠ ಮಾಡಿಕೊಳ್ಳಿ, ಉಳಿದದ್ದನ್ನು ಚೀಟಿ ನೋಡಿ ಹೇಳಿದರೂ ನಡೆಯುತ್ತದೆ.