ಗುತ್ತುಮನೆಯ ಕತೆ: ನಾಲ್ಕನೇ ಕಂತಿಗೇ ಗುಟ್ಟು ರಟ್ಟು

ಪ್ರಶ್ನೆ (ಉಡುಪಿ): ನಾನು ಬರೆಯುತ್ತಿರುವುದು ಗುತ್ತುಮನೆಯಲ್ಲಿ, ಅಂದರೆ ತುಳುನಾಡಿನ ಹಳೆಯ ಯಜಮಾನಿಕೆಯ ಮನೆಯಲ್ಲಿ, ನಡೆಯುವ ದೈವದ ಹಿನ್ನೆಲೆಯ ಹತ್ತು ಕಂತಿನ ನಿಗೂಢ ಧಾರಾವಾಹಿ. ಯಜಮಾನನನ್ನು ಕೊಂದದ್ದು ಆಸ್ತಿಗಾಗಿ ಮಗನೇ ಅಂತ ನಾಲ್ಕನೇ ಕಂತಿಗೇ ಗೊತ್ತಾಗ್ತದೆ. ಏನು ಮಾಡುವುದು?

ಉತ್ತರ: ಅಳಿಯಕಟ್ಟಿನಲ್ಲಿ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಸಾಗುವ ತುಳುನಾಡಿನ ಹಳೆಯ ಪದ್ಧತಿಯಲ್ಲಿ, ಮಗನಿಗೆ ಆಸ್ತಿ ಎಲ್ಲಿಂದ ಮಾರಾಯ್ರೆ? ಯಜಮಾನಿಕೆ ಹೋಗುವುದು ಸೋದರಳಿಯನಿಗೆ. ಕತೆ 1949ರ ಅಳಿಯಸಂತಾನ ಕಾಯ್ದೆಗಿಂತ ಹಿಂದಿನದಾದರೆ, ಎಲ್ಲರೂ ಒಪ್ಪದೆ ಮನೆ ಪಾಲಾಗುವುದೂ ಇಲ್ಲ. ಹಾಗಾಗಿ ಸಂಶಯ ಅಳಿಯನ ಮೇಲೆ ಬೀಳಲಿ. ಮಗನ ಸಿಟ್ಟು ಬೇರೆಯೇ: ಅಪ್ಪ ತನ್ನ ತಾಯಿಮನೆಯ ಯಜಮಾನ, ಮಗನ ಮನೆಗೆ ಬಂದುಹೋಗುವ ನೆಂಟನಂತಿದ್ದ. ಏಳನೇ ಕಂತಿನವರೆಗೆ ಅದನ್ನು ಅವನ ಬಾಯಲ್ಲಿ ಹೇಳಿಸಬೇಡಿ.

ಇನ್ನೊಬ್ಬರು: ದೈವವನ್ನು ತೋರಿಸಲೇಬೇಡಿ, ದೈವ ಕಟ್ಟುವವರು ಕಾಲಿಗೆ ಹಾಕುವ ಗಗ್ಗರದ ಸದ್ದು ಸಾಕು. ತುಳು ತಿಂಗಳು ಬೇಶದ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸು, ಪತ್ತನಾಜೆ ಕಳೆದರೆ ಆ ವರ್ಷದ ಕೋಲಗಳು (ದೈವದ ಕುಣಿತದ ಆರಾಧನೆ) ಮುಗಿದ ಹಾಗೆ. ಆಮೇಲೆ ಆಟಿ ತಿಂಗಳ ಮಳೆಯಲ್ಲಿ ಗಗ್ಗರ ಕೇಳಿಸಿದರೆ ಊರವರಿಗೆ ನಡುಕ. ಘಟ್ಟದ ಮೇಲಿನವರಿಗೆ ಅರ್ಥವಾಗಲು ಎರಡನೇ ಕಂತಿನಲ್ಲೇ, ಪತ್ತನಾಜೆ ಮುಗಿದೊಡನೆ, ಗಗ್ಗರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿ.

ಪ್ರಶ್ನೆ ಕೇಳಿದವರು: ಬೀಗದಕೈ ಯಾರ ಸೊಂಟದಲ್ಲಿ?

ಉತ್ತರ: ಅಳಿಯನ ತಾಯಿಯ ಸೊಂಟದಲ್ಲಿ. ಅವಳ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.