ಮಟ್ಟುಗುಳ್ಳದ ಬೀಜ ಬೆಂಗಳೂರಿಗೆ ಬಂತು, ರುಚಿ ಯಾಕೆ ಬರಲಿಲ್ಲ?

ಟೆರೇಸ್ ತೋಟ, ಬೆಂಗಳೂರು: ಹೋದ ವರ್ಷ ಉಡುಪಿ ಹತ್ತಿರದ ಕಟಪಾಡಿಯ ನೆಂಟರ ಮನೆಯಿಂದ ಮಟ್ಟುಗುಳ್ಳದ, ಅಂದರೆ ಅಲ್ಲೇ ಪಕ್ಕದ ಮಟ್ಟು ಊರಿನ ಗುಂಡು ಬದನೆಯ, ಬೀಜ ತಂದು ಟೆರೇಸ್ ಮೇಲೆ ಕುಂಡದಲ್ಲಿ ಹಾಕಿದ್ದೆ. ಗಿಡ ಚೆನ್ನಾಗಿ ಬಂತು. ಕಾಯಿ ಗುಂಡಗೆ, ಅದೇ ತಿಳಿ ಹಸಿರು, ಅದೇ ಬಿಳಿ ಗೀರು, ತೊಟ್ಟಿನಲ್ಲಿ ಅದೇ ಮುಳ್ಳು. ಖುಷಿಯಿಂದ ಕೊದ್ದೆಲ್, ಅಂದರೆ ಕರಾವಳಿ ಕಡೆಯ ಸಾಂಬಾರು, ಮಾಡಿದೆ. ಹೋಳು ಬೇಯೋಕೆ ಹೊತ್ತು ಹಿಡಿಯಿತು, ಸಿಪ್ಪೆ ನಾರು ನಾರು, ನುಂಗಿದ ಮೇಲೆ ಸಣ್ಣ ಕಹಿ. ಅಮ್ಮ ಒಂದು ತುತ್ತು ತಿಂದು "ಇದು ಬದನೆ, ಗುಳ್ಳ ಅಲ್ಲ" ಅಂದರು. ಬೀಜ ಅದೇ ಆದರೂ ರುಚಿ ಬರಲಿಲ್ಲ. ಹಾಗಾದರೆ ರುಚಿ ಇರೋದು ಊರಿನ ಮಣ್ಣಿನಲ್ಲೇನಾ?

ಕಟಪಾಡಿಯವ: ಅಮ್ಮ ಹೇಳಿದ್ದು ಸರಿ ಮಾರಾಯ್ರೆ. ನೀವು ಮಟ್ಟುವಿನ ಗದ್ದೆ ನೋಡಿದ್ದೀರಾ? ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಮಳೆಗಾಲದಲ್ಲಿ ಭತ್ತ, ಅದು ಕೊಯ್ದ ಮೇಲೆ ಅದೇ ಮಣ್ಣಿಗೆ ಗುಳ್ಳ. ವಾದಿರಾಜ ಸ್ವಾಮಿಗಳು ಮಂತ್ರಿಸಿ ಕೊಟ್ಟ ಬೀಜ ಅಂತ ನಮ್ಮ ಹಿರಿಯರು ಹೇಳುತ್ತಾರೆ, ಈಗಲೂ ಕೃಷ್ಣ ಮಠದ ಪರ್ಯಾಯದ ಅಡುಗೆಗೆ ಹೋಗುತ್ತದೆ. 2011ರಲ್ಲಿ ಜಿಐ, ಅಂದರೆ ಊರಿನ ಹೆಸರನ್ನು ಕಾಯುವ ಭೌಗೋಳಿಕ ಗುರುತು, ಸಿಕ್ಕಿತು. ಬೇರೆ ಕಡೆಯ ಗುಳ್ಳ ತಂದು ಮಟ್ಟುವಿನದ್ದು ಅಂತ ಮಾರುವುದು ಜಾಸ್ತಿಯಾಗಿ ಬೆಳೆಗಾರರು ಕಾಯಿಗೆ ಸ್ಟಿಕರ್ ಅಂಟಿಸಲು ಶುರು ಮಾಡಿದರು. ಊರು ಬದಲಾದರೂ ರುಚಿ ಒಂದೇ ಆಗಿದ್ದರೆ ಆ ಕಷ್ಟ ಯಾರಿಗೆ ಬೇಕಿತ್ತು?

ಮಣ್ಣು ಓದುವವನು: ಒಂದು ನಿಮಿಷ ಸರ್. ನಾನು ಕೃಷಿ ಓದಿದವನು, ಅದಕ್ಕೇ ಕೇಳುತ್ತೇನೆ. ಸ್ಟಿಕರ್ ಇರುವುದರಿಂದ ಹೆಸರಿಗೆ ಬೆಲೆ ಇದೆ ಅಂತ ಗೊತ್ತಾಗುತ್ತದೆ, ಮಣ್ಣಿನಲ್ಲಿ ರುಚಿ ಇದೆ ಅಂತಲ್ಲ. ಟೆರೇಸ್ ಕುಂಡ ಬಿಸಿಲಿಗೆ ಬೇಗ ಕಾಯುತ್ತದೆ, ಒಂದು ದಿನ ನೀರು ತಪ್ಪಿದರೂ ಬದನೆ ಕಹಿಯಾಗಬಹುದು. ಕೊಯ್ಯುವುದು ನಾಲ್ಕು ದಿನ ತಡವಾದರೆ ಬೀಜ ಬಲಿತು ಸಿಪ್ಪೆ ಗಟ್ಟಿಯಾಗುತ್ತದೆ. ಇನ್ನೊಂದು, ಬದನೆಯಲ್ಲಿ ಜೇನ್ನೊಣ ಪರಾಗ ಬೆರೆಸುವುದುಂಟು. ಪಕ್ಕದಲ್ಲಿ ಬೇರೆ ತಳಿಯ ಗಿಡ ಇದ್ದರೆ ಬೀಜವೇ ಕಲಬೆರಕೆ. ಇವನ್ನೆಲ್ಲ ತಳ್ಳಿಹಾಕದೆ ಸುಮ್ನೆ ಮಣ್ಣು ಅಂದರೆ ನಾನು ಒಪ್ಪಲ್ಲ.

ಕಟಪಾಡಿಯವ: ಬೀಜದ ಮಾತು ಒಪ್ಪುತ್ತೇನೆ. ನಮ್ಮಲ್ಲಿ ಬೀಜಕ್ಕೆ ಅಂತಲೇ ಒಳ್ಳೆ ಕಾಯಿ ಬಿಟ್ಟು, ಹಳದಿಯಾಗುವ ತನಕ ಕಾಯುತ್ತಾರೆ. ಆದರೆ ಹದ ಅನ್ನುವುದೂ ಊರಿನದ್ದೇ ಅಲ್ವಾ? ಯಾವ ದಿನ ಕೊಯ್ಯಬೇಕು ಅಂತ ಕಾಯಿ ಮುಟ್ಟಿ ಹೇಳುವವರು ನಿಮಗೆ ಬೇರೆಲ್ಲಿ ಸಿಗುತ್ತಾರೆ?

ಅಟ್ಲಾಂಟಾದಿಂದ: ಮಣ್ಣಿನ ಪರವಾಗಿ ನನ್ನ ಹತ್ತಿರ ಒಂದು ಗಟ್ಟಿ ಸಾಕ್ಷಿ ಇದೆ. ಇಲ್ಲಿ ಜಾರ್ಜಿಯಾದಲ್ಲಿ ವಿಡೇಲಿಯಾ ಅನ್ನೋ ಈರುಳ್ಳಿ ಬೆಳೆಯುತ್ತಾರೆ. ಮೊದಲ ಸಲ ತಂದಾಗ ಹೆಚ್ಚಿದರೆ ಕಣ್ಣಲ್ಲಿ ನೀರೇ ಬರಲಿಲ್ಲ, ಕೋಸಂಬರಿಗೆ ಹಾಕಿದರೆ ಸೌತೆಕಾಯಿ ಥರ ತಿನ್ನಬಹುದು. 1930ರ ದಶಕದ ಶುರುವಿನಲ್ಲಿ ಒಬ್ಬ ರೈತನ ಹೊಲದಲ್ಲಿ ಖಾರವಿಲ್ಲದ ಈರುಳ್ಳಿ ಬಂದು ಆತನಿಗೇ ಆಶ್ಚರ್ಯವಾಯಿತಂತೆ. ಕಾರಣ ಗೊತ್ತಾಗಿದೆ. ಈರುಳ್ಳಿಯ ಘಾಟು ಗಂಧಕದಿಂದ ಬರುವುದು, ಆ ಗಂಧಕವನ್ನು ಗಿಡ ಮಣ್ಣಿನಿಂದ ಎಳೆದುಕೊಳ್ಳುತ್ತದೆ. ಅಲ್ಲಿನದು ಮರಳು ಮಣ್ಣು, ಗಂಧಕ ಬಹಳ ಕಡಿಮೆ. ಅದೇ ತಳಿಯನ್ನು ಗಂಧಕ ಜಾಸ್ತಿ ಇರುವ ಕಡೆ ಹಾಕಿದರೆ ಖಾರ ಏರುತ್ತದೆ. 1986ರಲ್ಲಿ ರಾಜ್ಯ ಕಾನೂನೇ ಮಾಡಿತು, ಗೊತ್ತುಮಾಡಿದ ಆ ಜಾಗದ ಹೊರಗೆ ಬೆಳೆದದ್ದಕ್ಕೆ ವಿಡೇಲಿಯಾ ಹೆಸರು ಹಾಕುವ ಹಾಗಿಲ್ಲ.

ಮಣ್ಣು ಓದುವವನು: ಇದನ್ನು ಎರಡು ಮಾತಿಲ್ಲದೆ ಒಪ್ಪುತ್ತೇನೆ. ಏನು ಕಡಿಮೆ, ಅದರಿಂದ ಏನಾಗುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ಗುಳ್ಳದ ಬಗ್ಗೆಯೂ ಹೀಗೆ ತೋರಿಸಿ ಅಂತಲೇ ನಾನು ಕೇಳುತ್ತಿರೋದು.

ಮಂಡ್ಯ ಆಲೆಮನೆ: ಬೆಲ್ಲ ತಗೊಳ್ಳಿ ಅಣ್ಣ. ನಾಲೆ ನೀರು ನಿಂತು ಜೌಗು ಹಿಡಿದು, ಮಣ್ಣಿನ ಮೇಲೆ ಬಿಳೀ ಉಪ್ಪು ಕಾಣಿಸಿಕೊಂಡ ಗದ್ದೆ ಇರುತ್ತದಲ್ಲ, ಅಲ್ಲಿನ ಕಬ್ಬು ಅರೆದು ಕಾಯಿಸಿದರೆ ಬೆಲ್ಲ ಉಪ್ಪುಪ್ಪು. ಅಚ್ಚೂ ಸರಿಯಾಗಿ ನಿಲ್ಲಲ್ಲ, ಮಳೆಗಾಲ ಬಂದರೆ ನೀರು ಬಿಡುತ್ತದೆ. ಅದೇ ತಳಿ, ಅದೇ ಕೊಪ್ಪರಿಗೆ, ಕಾಯಿಸುವವನೂ ಅವನೇ. ನಾನು ನಾಲಿಗೆಗೆ ಒಂದು ಚೂರು ಇಟ್ಟುಕೊಂಡು ಇದು ಕೆಳಗಿನ ಬಯಲಿನ ಕಬ್ಬು ಅಂತ ಹೇಳಿದ್ದೇನೆ, ತಪ್ಪಾಗಿಲ್ಲ.

ಹಾವೇರಿ ಮೆಣಸು: ನಮ್ಮ ಕಡೆಯದು ಸ್ವಲ್ಪ ಬೇರೆ ಐತ್ರಿ. ಬ್ಯಾಡಗಿ ಅಂದರೆ ಎಲ್ಲರಿಗೂ ಬಣ್ಣ ಜಾಸ್ತಿ, ಖಾರ ಕಡಿಮೆ, ಮೈಯೆಲ್ಲ ಸುಕ್ಕು. ಆ ಖಾರ ಕಡಿಮೆ ಇರುವುದು ಬಹುಮಟ್ಟಿಗೆ ತಳಿಯ ಗುಣ. ಗುಂಟೂರು ಬೀಜ ತಂದು ನಮ್ಮ ಹೊಲಕ್ಕೆ ಹಾಕಿದರೆ ಅದೇನು ಬ್ಯಾಡಗಿ ಆಗೋದಿಲ್ಲ. ಬ್ಯಾಡಗಿ ಪೇಟೆಗೆ ಬರುವ ಚೀಲ ಎಲ್ಲಾ ನಮ್ಮ ಜಿಲ್ಲೆಯದ್ದೂ ಅಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಮಾಲೂ ಬರುತ್ತದೆ. ಆದರೂ ಮಳೆ ಆಶ್ರಯದ ಹೊಲದ ಬ್ಯಾಡಗಿ ಕಡ್ಡಿ ಮೆಣಸು ಒಂದು ಹಿಡಿ, ನೀರು ಹಾಯಿಸಿ ಬೆಳೆದದ್ದು ಒಂದು ಹಿಡಿ ಮುಂದೆ ಇಡ್ರಿ, ಸುಕ್ಕು, ವಾಸನೆ ನೋಡಿ ನಮ್ಮ ತಂದೆ ಬೇರೆ ಮಾಡಿಬಿಡುತ್ತಿದ್ದರು. ಹಂಗಾಗಿ ನಾನು ಬೀಜ ಮೊದಲು, ಊರು ಆಮೇಲೆ ಅನ್ನುತ್ತೇನೆ.

ಮಲೆನಾಡು ಕಾಫಿ: ಕೊಯ್ದ ಮೇಲೂ ಊರು ಕೆಲಸ ಮಾಡುತ್ತದೆ, ಅದನ್ನ ಯಾರೂ ಹೇಳಲಿಲ್ಲ. ಬಾಬಾಬುಡನ್‌ಗಿರಿಯ ಎತ್ತರದಲ್ಲಿ ತಂಪಿಗೆ ಹಣ್ಣು ನಿಧಾನ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಅದು ಒಂದು. ಮಾನ್ಸೂನ್ಡ್ ಮಲಬಾರ್ ಅನ್ನೋ ಕಾಫಿಯ ಕಥೆಯೇ ಬೇರೆ. ಬೆಳೆದದ್ದು ಘಟ್ಟದ ಮೇಲೆ. ಮಳೆಗಾಲ ಶುರುವಾಗುವಾಗ ಮಂಗಳೂರಿನ ಕಡೆ ಇಳಿಸಿ, ಗಾಳಿ ಆಡುವ ಗೋದಾಮಿನ ನೆಲದ ಮೇಲೆ ಹರಡಿ, ಮತ್ತೆ ಮತ್ತೆ ಕೈಯಾಡಿಸುತ್ತಾರೆ. ಕಡಲ ಗಾಳಿಯ ತೇವ ಹೀರಿ ಬೀಜ ಉಬ್ಬಿ, ಹಸಿರು ಹೋಗಿ ಒಣಹುಲ್ಲಿನ ಬಣ್ಣ ಬರುತ್ತದೆ, ಹುಳಿ ಇಳಿಯುತ್ತದೆ. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಹೋಗುವಾಗ ತಾನಾಗಿ ಆಗುತ್ತಿದ್ದದ್ದನ್ನು ಈಗ ದಡದಲ್ಲೇ ಮಾಡುತ್ತಾರೆ. ಈ ರುಚಿಯಲ್ಲಿ ಮಣ್ಣಿಗಿಂತ ಗಾಳಿಯ ಪಾಲೇ ದೊಡ್ಡದು.

ಟೆರೇಸ್ ತೋಟ, ಬೆಂಗಳೂರು: ಈಗ ಅರ್ಥವಾಯಿತು, ನಾನು ಬೀಜ ಒಂದನ್ನೇ ತಂದೆ, ಮಿಕ್ಕಿದ್ದೆಲ್ಲ ಅಲ್ಲೇ ಉಳಿಯಿತು. ಅದರಲ್ಲಿ ಯಾವುದರಿಂದ ರುಚಿ ಕೆಟ್ಟಿತು ಅಂತ ಹೇಗೆ ತಿಳಿಯೋದು?

ಮಣ್ಣು ಓದುವವನು: ಒಂದೊಂದಾಗಿ ಬಿಡಿಸಬೇಕು ಅಕ್ಕ. ಒಂದೇ ಕಾಯಿಯ ಬೀಜ, ಒಂದೇ ಟೆರೇಸ್, ಒಂದೇ ನೀರು. ಆರು ಕುಂಡಕ್ಕೆ ಮಟ್ಟು ಮಣ್ಣು, ಆರಕ್ಕೆ ನಿಮ್ಮ ಮಣ್ಣು. ಒಂದೇ ಅಳತೆಯ ಕಾಯಿ ಒಂದೇ ದಿನ ಕೊಯ್ಯಿರಿ. ಅಮ್ಮನಿಗೆ ಯಾವುದು ಅಂತ ಹೇಳದೆ ಬಡಿಸಿ. ಅವರು ಎರಡನ್ನೂ ಬದನೆ ಅಂದರೆ ಮಣ್ಣು ಒಂದೇ ಸಾಲದು, ಹವೆ, ನೀರು, ಆರೈಕೆಯಲ್ಲಿ ಏನೋ ಇದೆ ಅಂತ. ಮಟ್ಟು ಮಣ್ಣಿನದ್ದನ್ನು ಮಾತ್ರ ಗುಳ್ಳ ಅಂದರೆ ನಾನು ಇಲ್ಲೇ ಬಂದು ನನ್ನ ಮಾತು ವಾಪಸ್ ತಗೊಳ್ಳುತ್ತೇನೆ.

ಕಟಪಾಡಿಯವ: ಮಣ್ಣು ನಾನು ಕೊಡುತ್ತೇನೆ. ಭತ್ತದ ಕೊಯ್ಲು ಮುಗಿದ ಮೇಲೆ ಬನ್ನಿ, ಚೀಲ ನೀವು ತನ್ನಿ. ಬೀಜದ ಕಾಯಿ ಒಂದನ್ನು ಈಗಲೇ ಹೇಳಿ ಇಡಿಸುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬನ್ನಿ, ಗದ್ದೆ ನೋಡಲಿ.