ದೀಪಾವಳಿ ಸೀರಿಯಲ್ ಸೆಟ್ ಯಾವಾಗ ಇಳಿಸ್ತೀರಿ?

ಕೇಳಿದವರು, ಬೆಂಗಳೂರು:
ನರಕ ಚತುರ್ದಶಿಯ ಹಿಂದಿನ ದಿನ ಬಾಲ್ಕನಿ ಗ್ರಿಲ್, ಗೇಟು, ಮುಂದಿನ ನುಗ್ಗೆ ಮರ ಎಲ್ಲ ಕಡೆ ಸೀರಿಯಲ್ ಸೆಟ್ ಹಾಕಿದೆವು. ಬಲಿಪಾಡ್ಯಮಿ ಕಳೆದು ಎರಡು ವಾರ ಆಯ್ತು, ಇನ್ನೂ ಉರೀತಾನೇ ಇದೆ. ಅತ್ತೆ "ಕಾರ್ತಿಕ ಮುಗಿಯೋ ತನಕ ದೀಪ ತೆಗೀಬಾರದು" ಅಂತಾರೆ. ನಮ್ಮ ಯಜಮಾನರು "ಹೊಸ ವರ್ಷ ಬರುತ್ತಲ್ಲ, ಇರಲಿ ಬಿಡು" ಅಂತಾರೆ (ಏಣಿ ಹತ್ತಬೇಕಾದವರು ಅವರೇ). ಎದುರು ಮನೆಯವರು ನಿನ್ನೆ ಬಂದು, ಮಿಣುಕು ಬೆಳಕು ಮಗು ಮಲಗೋ ರೂಮಿಗೆ ಬೀಳ್ತಿದೆ ಅಂತ ಮೆತ್ತಗೆ ಹೇಳಿ ಹೋದರು. ನಿಮ್ಮ ಮನೆಗಳಲ್ಲಿ ಏನು ಲೆಕ್ಕ?

ಮೈಸೂರಿನಿಂದ:
ತುಳಸಿ ಹಬ್ಬದ ಮರುದಿನ. ತುಳಸಿ ಕಟ್ಟೆಯಿಂದ ನೆಲ್ಲಿಕಾಯಿ ಕೊಂಬೆ ತೆಗೆಯೋವಾಗ ಸೀರಿಯಲ್ ಸೆಟ್ಟೂ ಇಳಿಯುತ್ತೆ. ಅದಕ್ಕಿಂತ ಜಾಸ್ತಿ ಯೋಚಿಸಿದ್ದೇ ಇಲ್ಲ.

ಧಾರವಾಡದಿಂದ:
ನಮ್ಮಲ್ಲಿ ಆಕಾಶಬುಟ್ಟಿ ಕಾರ್ತಿಕ ಅಮಾವಾಸ್ಯೆವರೆಗೂ ಇರುತ್ತೆ ನೋಡ್ರಿ. 2025ರಲ್ಲಿ ಅದು ನವೆಂಬರ್ 20. ಅಷ್ಟೊತ್ತಿಗೆ ರಾತ್ರಿ ಇಬ್ಬನಿ ಬಿದ್ದು ಬಿದ್ದು ಕಾಗದ ಮೆತ್ತಗಾಗಿ, ಕೆಳಗಿನ ಬಾಲ ಅರ್ಧ ಉದುರಿರುತ್ತೆ. ಆದರೂ ನಮ್ಮವ್ವ ತೆಗೆಯೋಕೆ ಬಿಡಲ್ಲ.

ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡ್ರಿ. ನಿಮ್ಮ ಅತ್ತೆಯವರು ಹೇಳೋ ಕಾರ್ತಿಕದ ದೀಪ ಎಣ್ಣೆ ದೀಪ. ಸಂಜೆ ತುಳಸಿ ಮುಂದೆ, ಹೊಸ್ತಿಲಲ್ಲಿ ಒಂದೊಂದು ಹಣತೆ ಹಚ್ಚಿದರೆ ಅವರ ಮಾತೂ ಉಳೀತು. ಗೇಟಿನ ಮೇಲೆ ಮಿಣಮಿಣ ಅನ್ನೋದು ಯಾವ ಶಾಸ್ತ್ರದಲ್ಲಿ ಬಂತು? ಇದನ್ನ ಅವರ ಮುಂದೆ ನೀವಲ್ಲ, ಯಜಮಾನರು ಹೇಳಲಿ.

ಬೆಂಗಳೂರಿನಿಂದಲೇ ಇನ್ನೊಬ್ಬರು:
ನಾನೂ ನಿಮ್ಮ ಯಜಮಾನರ ಪಾರ್ಟಿಯೇ ಆಗಿದ್ದೆ. ದೀಪಾವಳಿಗೆ ಹಾಕಿದ್ದು ರಾಜ್ಯೋತ್ಸವಕ್ಕೂ ಆಯ್ತು, ಕ್ರಿಸ್ಮಸ್‌ಗೂ ಆಗುತ್ತೆ ಅಂತ ಬಿಟ್ಟಿದ್ದೆ. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರೆ ಇಲ್ಲಿ ಹೇಗಿರುತ್ತೆ ಗೊತ್ತಲ್ಲ, ಎರಡು ದಿನ ಬಿಡದೆ ಜಿಟಿಜಿಟಿ ಮಳೆ. ಅಂಥ ಒಂದು ಬೆಳಗ್ಗೆ ಹಾಲಿನ ಪ್ಯಾಕೆಟ್ ತರೋಕೆ ಗ್ರಿಲ್ ಬಾಗಿಲು ಹಿಡಿದೆ. ಮೊಣಕೈವರೆಗೆ ಜುಮ್ ಅಂತು.

ಸ್ವಿಚ್ ಆಫ್ ಮಾಡಿ ಹುಡುಕಿದರೆ, ವೈರನ್ನ ಗ್ರಿಲ್ಲಿಗೆ ಕಟ್ಟೋಕೆ ನಾನೇ ಬೈಂಡಿಂಗ್ ವೈರ್ ಬಳಸಿದ್ದೆ. ಗಾಳಿಗೆ ಅಲುಗಾಡಿ ಅಲುಗಾಡಿ ಅದು ಮೇಲಿನ ಪ್ಲಾಸ್ಟಿಕ್ ಕೊಯ್ದಿತ್ತು. ಒಳಗಿನ ತಾಮ್ರ ಒಂದು ಅಕ್ಕಿ ಕಾಳಿನಷ್ಟು ಹೊಳೀತಿತ್ತು. ನಮ್ಮದು ಹಳೇ ಮನೆ, ಸೋರಿಕೆ ಕರೆಂಟ್ ಹಿಡಿಯೋ ಬ್ರೇಕರ್ ಇರಲಿಲ್ಲ. ಆಮೇಲೆ 30 ಮಿಲಿಆಂಪ್‌ದು ಹಾಕಿಸಿದೆ. ನೂರು ರೂಪಾಯಿ ಸೆಟ್ಟುಗಳು ಹೆಚ್ಚಿನವು ಮನೆ ಒಳಗೆ ಹಾಕೋಕೆ ಮಾಡಿದ್ದು. ಹೊರಗೆ ಬಿಸಿಲು ತಿಂದರೆ ವೈರು ಪೆಡಸಾಗಿ, ಬಗ್ಗಿಸಿದ ಕಡೆ ಬಿರಿಯುತ್ತೆ. ಡಬ್ಬದ ಮೇಲೆ ಐಪಿ65 ಅಂತ ಇದ್ದರೆ ಮಳೆ ತಡೆಯುತ್ತೆ. ಏನೂ ಬರೆದಿಲ್ಲ ಅಂದರೆ ಹಬ್ಬದ ಮೂರು ದಿನ ಸಾಕು.

ಕರೆಂಟ್ ಬಿಲ್ ಲೆಕ್ಕ ಯಾರಾದರೂ ತೆಗೆದರೆ ನಂಬಬೇಡಿ. ಐದು ವ್ಯಾಟಿನ ಎಲ್‌ಇಡಿ ಸೆಟ್ ದಿನಾ ಆರು ಗಂಟೆ ಉರಿದರೂ ತಿಂಗಳಿಗೆ ಒಂದು ಯೂನಿಟ್ ದಾಟಲ್ಲ.

ಮಂಗಳೂರಿನಿಂದ:
ನಮ್ಮ ಕಂಪೌಂಡಿನಲ್ಲಿ ಎರಡು ಮನೆ. ಪಕ್ಕದ ಮನೆಯವರ ಗೂಡುದೀಪ ಇಳಿದು ಸ್ವಲ್ಪ ದಿನಕ್ಕೆ ನಮ್ಮ ಕ್ರಿಸ್ಮಸ್ ನಕ್ಷತ್ರ ಏರುತ್ತದೆ. ಹುಕ್ ಒಂದೇ ಮಾರಾಯ್ರೆ! ನಾವು ಇಳಿಸುವುದು ಜನವರಿ 6ಕ್ಕೆ, ಮೂರು ರಾಯರ ಹಬ್ಬ ಕಳೆದ ಮೇಲೆ. ನಕ್ಷತ್ರ ನೋಡಿಕೊಂಡು ಬಾಲಯೇಸುವನ್ನು ಹುಡುಕಿ ಹೊರಟ ಮೂವರು ರಾಯರು ಬಂದು ಮುಟ್ಟಿದರು, ಇನ್ನು ಯಾರಿಗೆ ದಾರಿ ತೋರಿಸುವುದು ಅಂತ ನನ್ನ ಅಪ್ಪ ಹೇಳುತ್ತಿದ್ದರು.

ನ್ಯೂಜೆರ್ಸಿಯಿಂದ:
ಇಲ್ಲಿ ಕನ್ನಡದ ಮನೆಗಳಲ್ಲಿ ದೀಪಾವಳಿಗೆ ಹಾಕಿದ ಲೈಟು ಕ್ರಿಸ್ಮಸ್‌ವರೆಗೂ ಇರೋದು ಮಾಮೂಲು. ಅಕ್ಟೋಬರ್‌ನಲ್ಲಿ ಬೀದಿಗೆಲ್ಲ ನಮ್ಮದೊಂದೇ ಬೆಳಕು, ಡಿಸೆಂಬರ್‌ನಲ್ಲಿ ಗುಂಪಿನಲ್ಲಿ ಗೋವಿಂದ. ತೊಂದರೆ ಇರೋದು ಜನವರಿಯಲ್ಲಿ. ಸೂರಿನ ಅಂಚಿನಲ್ಲಿ ಮಂಜು ಗಟ್ಟಿಯಾಗಿ ವೈರು ಅದರೊಳಗೇ ಹೂತಿರುತ್ತೆ. ಎಳೆದರೆ ಪ್ಲಾಸ್ಟಿಕ್ ಕ್ಲಿಪ್ಪು ಚಟಚಟ ಮುರಿಯುತ್ತೆ. ಕೆಳಗೆ ಏಣಿ ಇಟ್ಟಿರೋದೂ ಮಂಜಿನ ಮೇಲೇ. ಒಂದು ವರ್ಷ ಹಾಗೇ ಬಿಟ್ಟು ಯುಗಾದಿಗೆ ಇಳಿಸಿದೆ.

ಇಲ್ಲಿನ ವಿದ್ಯುತ್ ನಿಯಮಾವಳಿಯಲ್ಲಿ ಹಬ್ಬದ ತಾತ್ಕಾಲಿಕ ದೀಪಗಳಿಗೆ 90 ದಿನದ ಮಿತಿ ಇದೆ. 2025ರ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ ಇತ್ತು. ಅಲ್ಲಿಂದ ಎಣಿಸಿದರೆ ಜನವರಿ 18. ಸಂಕ್ರಾಂತಿಯೂ ಮುಗಿದಿರುತ್ತೆ, ನೆಪ ಇಲ್ಲ. ಈಗ ಕ್ರಿಸ್ಮಸ್ ಆದ ಮೇಲೆ ಬಿಸಿಲು ಬಂದ ಮೊದಲ ಶನಿವಾರ ಇಳಿಸಿಬಿಡ್ತೀನಿ.

ತುಮಕೂರಿನಿಂದ:
ತಡ ಮಾಡಿದರೆ ಏನಾಗುತ್ತೆ ಅಂತ ನನ್ನ ಕಥೆ ಕೇಳಿ. ಬಾಲ್ಕನಿಯಲ್ಲಿ ಒಂದು ಎಳೆ ಜೋತು ಬಿದ್ದಿತ್ತು, ನಾಳೆ ತೆಗೆದರಾಯ್ತು ಅಂತ ದಿನ ತಳ್ಳಿದೆ. ಫೆಬ್ರವರಿಯಲ್ಲಿ ನೋಡಿದರೆ ಅದರ ತುದಿಗೆ ಸೂರಕ್ಕಿ ಗೂಡು ಕಟ್ಟೋಕೆ ಶುರು ಮಾಡಿದೆ! ಜೇಡರ ಬಲೆ, ಒಣ ನಾರು, ನಮ್ಮನೆ ಪೊರಕೆ ಕಡ್ಡಿಯ ಚೂರು, ಎಲ್ಲ ಸೇರಿಸಿ ಪುಟ್ಟ ಚೀಲದ ಹಾಗೆ ಇಳಿಬಿಟ್ಟಿತ್ತು. ಪಕ್ಕದಲ್ಲೊಂದು ತೂತು, ಅದರ ಮೇಲೆ ಸಣ್ಣ ಸೂರು ಬೇರೆ. ಪ್ಲಗ್ ಕಿತ್ತಿಟ್ಟೆ, ವೈರು ಮುಟ್ಟಲಿಲ್ಲ. ಎರಡು ಮರಿ ಹಾರಿಹೋಗೋ ತನಕ ಬಟ್ಟೆಯೆಲ್ಲ ತಾರಸಿಯಲ್ಲೇ ಒಣ ಹಾಕಿದ್ದು. ಆ ಎಳೆ ಹೋದರೆ ಹೋಯ್ತು, ಬೇಜಾರಿಲ್ಲ. ಆದರೆ ಮರಕ್ಕೆ ಸುತ್ತಿದ್ದು ಮಾತ್ರ ಬಿಡಬೇಡಿ. ಕಾಂಡ ದಪ್ಪ ಆಗ್ತಾ ಹೋದರೆ ವೈರು ತೊಗಟೆ ಕಚ್ಚಿಕೊಳ್ಳುತ್ತೆ.

ಇಳಿಸೋವಾಗ ಮೊದಲು ಪ್ಲಗ್ ಕೀಳಿ, ಬರೀ ಸ್ವಿಚ್ ಸಾಲದು. ಒದ್ದೆ ಇದ್ದರೆ ಒಣಗಿಸಿ. ರಟ್ಟಿನ ತುಂಡಿಗೆ ಸುತ್ತಿ, ಪ್ಲಗ್ ತುದಿ ಹೊರಗಿರೋ ಹಾಗೆ ಇಡಿ. ಮುಂದಿನ ವರ್ಷ ಬಿಚ್ಚೋ ಮುಂಚೆ ಹಾಕಿ ನೋಡಬಹುದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಗ್ರಿಲ್ಲಿನ ಕಥೆ ಓದಿ ಹೋಗಿ ನೋಡಿದೆ, ನಾವೂ ಬೈಂಡಿಂಗ್ ವೈರ್‌ನಲ್ಲೇ ಕಟ್ಟಿದ್ದೀವಿ. ಯಜಮಾನರು ಈಗಷ್ಟೇ ಏಣಿ ಹುಡುಕೋಕೆ ಹೋದರು. ನುಗ್ಗೆ ಮರದ್ದೂ ಇವತ್ತೇ ಬಿಚ್ಚೋದು. ಅಮಾವಾಸ್ಯೆವರೆಗೆ ತುಳಸಿ ಮುಂದೆ ಹಣತೆ ಅಂದಿದ್ದಕ್ಕೆ ಅತ್ತೆ ಒಪ್ಪಿದರು, ಎಣ್ಣೆ ಮಾತ್ರ ಎಳ್ಳೆಣ್ಣೆಯೇ ಆಗಬೇಕಂತೆ.